ಜರ್ಮನಿ: ಬಾಡಿಗೆ, ತೆರಿಗೆ ಕಳೆದ ಮೇಲೂ ಏನೇನು ಖರ್ಚು ಬರುತ್ತೆ?

ನೆಕ್ಕರ್_ಹೊಸಬ

ಎಲ್ಲರಿಗೂ ನಮಸ್ಕಾರ. 2026ರ ಅಕ್ಟೋಬರ್ 1ಕ್ಕೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸಕ್ಕೆ ಸೇರಬೇಕು. ವರ್ಷಕ್ಕೆ 60,000 ಯೂರೋ ಒಟ್ಟು ಸಂಬಳ. ಹೆಂಡತಿ ಮತ್ತು ನಾಲ್ಕು ವರ್ಷದ ಮಗ ಜನವರಿಯಲ್ಲಿ ಬರ್ತಾರೆ. ಹೆಂಡತಿ ಸದ್ಯಕ್ಕೆ ಅಲ್ಲಿ ಕೆಲಸ ಮಾಡೋಲ್ಲ.

ನೋಡಿಟ್ಟಿರೋ ಥರದ ಮನೆಗಳು 60 ಚದರ ಮೀಟರ್ ಆಸುಪಾಸು. ಕಾಲ್ಟ್ ಅಂದರೆ ಬರೀ ಬಾಡಿಗೆ 1,150, ವಾರ್ಮ್ ಅಂದರೆ ಹೀಟಿಂಗ್ ಸೇರಿ 1,400 ಅಂತ ಜಾಹೀರಾತಲ್ಲಿ ಹಾಕಿರ್ತಾರೆ. ನನ್ನ ಲೆಕ್ಕ ಹೀಗಿದೆ: ಕೈಗೆ ತಿಂಗಳಿಗೆ 3,500, ಮನೆಗೆ 1,400, ದಿನಸಿಗೆ 500, ಬಸ್ಸು-ರೈಲು ಪಾಸಿಗೆ 63, ಮೊಬೈಲ್-ಇಂಟರ್ನೆಟ್‌ಗೆ 60. ಉಳಿದಿದ್ದು ಉಳಿತಾಯ. ಹೋಗುವಾಗ ಜೊತೆಗೆ 4,000 ಯೂರೋ ತಗೊಂಡು ಹೋಗೋದು ಅಂತ.

ಹಾಲು-ಬ್ರೆಡ್ ರೇಟು ಹೋಲಿಸೋ ಸೈಟುಗಳು ಬೇಕಾದಷ್ಟಿವೆ, ಅದು ಬೇಡ. ಇಂಥ ಲೆಕ್ಕದಲ್ಲಿ ಕಾಣದೆ ಆಮೇಲೆ ಬಂದು ಕುತ್ತಿಗೆಗೆ ಕೂರೋ ಖರ್ಚು ಯಾವುದು, ಯಾವಾಗ ಬರುತ್ತೆ, ಗೊತ್ತಿರೋರು ಹೇಳಿ.

---

ಲೆಕ್ಕದ_ಪುಸ್ತಕ

ಮೊದಲು ಆ 3,500 ಸರಿ ಮಾಡ್ಕೊಳ್ಳಿ. ಅಲ್ಲಿ ಸಂಬಳದಿಂದ ತಿಂಗಳಿಗೆ ಎಷ್ಟು ತೆರಿಗೆ ಹಿಡಿಯೋದು ಅನ್ನೋದು ನಿಮ್ಮ ತೆರಿಗೆ ವರ್ಗದ ಮೇಲೆ, ಆ ಅಂಕಿ ಬರೋದು ವರ್ಗ 3ರಲ್ಲಿ. ಹೆಂಡತಿ ಜರ್ಮನಿಯಲ್ಲಿ ವಾಸಕ್ಕೆ ಬರೋವರೆಗೆ ನಿಮಗೆ ವರ್ಗ 1, ಅದರಲ್ಲಿ ಕೈಗೆ ಬರೋದು ಸುಮಾರು 3,100. ಅವರು ಬಂದು ವಿಳಾಸ ನೋಂದಾಯಿಸಿದರೂ ತಾನಾಗಿ ಸಿಗೋದು 4-4 ಜೋಡಿ, ಅಂದರೆ ಇಬ್ಬರಿಗೂ ವರ್ಗ 4, ಅದೂ ಹೆಚ್ಚುಕಮ್ಮಿ ವರ್ಗ 1ರಷ್ಟೇ ಕಡಿತ. 3-5 ಜೋಡಿ, ಅಂದರೆ ನಿಮಗೆ 3 ಹೆಂಡತಿಗೆ 5, ಬೇಕಂದ್ರೆ ತೆರಿಗೆ ಕಚೇರಿ ಫಿನಾಂಟ್ಸ್‌ಆಮ್ಟ್‌ಗೆ ನೀವೇ ಅರ್ಜಿ ಹಾಕಬೇಕು, ಹಾಕಿದ ಮುಂದಿನ ತಿಂಗಳಿಂದ ಜಾರಿ. ಅರ್ಜಿ ತಡವಾದರೆ ದುಡ್ಡು ಮುಳುಗೋದಿಲ್ಲ, ವರ್ಷದ ರಿಟರ್ನ್‌ನಲ್ಲಿ ವಾಪಸ್ ಬರುತ್ತೆ. ಆದರೆ ತಿಂಗಳಿಗೆ ನಾನೂರು ಯೂರೋ ಅಷ್ಟು ದಿನ ಸರ್ಕಾರದ ಹತ್ತಿರ ಕೂತಿರುತ್ತೆ, ನಿಮಗೆ ಕೈ ಬಿಗಿ ಇರೋ ಕಾಲದಲ್ಲೇ.

ಇದಕ್ಕಿಂತ ಕೆಟ್ಟದು ವರ್ಗ 6. ಇದು ಹೇಗೆ ಆಗುತ್ತೆ ನೋಡಿ: ಹೋದ ಹೊಸದರಲ್ಲಿ ಫರ್ನಿಷ್ಡ್ ತಾತ್ಕಾಲಿಕ ಮನೆ ಹಿಡಿತೀರಿ. ಒಳಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಮಾಡಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರೋ ದೃಢೀಕರಣ ಪತ್ರ ಬೇಕು. ಅಗ್ಗದ ತಾತ್ಕಾಲಿಕ ಮನೆಗಳಲ್ಲಿ ಎಷ್ಟೋ ಕಡೆ ಇದನ್ನ ಕೊಡೋದಿಲ್ಲ. ನೋಂದಣಿ ಇಲ್ಲ ಅಂದ್ರೆ ತೆರಿಗೆ ಸಂಖ್ಯೆ ಬರೋದಿಲ್ಲ, ಆ ಸಂಖ್ಯೆ ಇಲ್ಲದೆ ಸಂಬಳದ ವಿಭಾಗದವರು ಕೊನೆಗೆ ವರ್ಗ 6ರಲ್ಲಿ ಹಿಡಿತಾರೆ. ಅದರಲ್ಲಿ ತೆರಿಗೆ ಮೊದಲ ಯೂರೋದಿಂದಲೇ ಶುರು, ವಿನಾಯಿತಿ ಮೊತ್ತವೇ ಇಲ್ಲ. ಬುಕ್ ಮಾಡೋ ಮುಂಚೆ ಒಂದೇ ಪ್ರಶ್ನೆ ಬರವಣಿಗೆಯಲ್ಲಿ ಕೇಳಿ: ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ? ನೂರು ಯೂರೋ ಜಾಸ್ತಿ ಆದರೂ ಮಾಡಿಸಬಹುದಾದ ಮನೆಯೇ ಅಗ್ಗ.

ನೋಂದಣಿ ಆದ ಮೇಲೆ ಆ ಸಂಖ್ಯೆ ಬರೋದು ಅಂಚೆಯಲ್ಲಿ, ಕಾಗದದಲ್ಲಿ. ಅಂಚೆಪೆಟ್ಟಿಗೆ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಕಾಗದ ಹಾಕದೆ ವಾಪಸ್ ತಗೊಂಡು ಹೋಗ್ತಾರೆ. ಒಂದು ಚೀಟಿಯಲ್ಲಿ ಹೆಸರು ಬರೆದು, ಒಳಗೆ ಹೋದ ದಿನವೇ ಅಂಟಿಸಿ. ತಮಾಷೆ ಅನ್ನಿಸಬಹುದು, ಆದರೆ ಬ್ಯಾಂಕಿನ ಪಿನ್, ಆರೋಗ್ಯ ವಿಮೆ ಕಾರ್ಡು, ತೆರಿಗೆ ಸಂಖ್ಯೆ ಮೂರೂ ಆ ಒಂದು ಚೀಟಿ ಮೇಲೆ ನಿಂತಿವೆ.

ನೋಂದಣಿ ಫಾರಂನಲ್ಲಿ ಧರ್ಮದ ಕಾಲಂ ಇರುತ್ತೆ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಅಂತ ಬರೆದವರಿಗೆ ಆದಾಯ ತೆರಿಗೆ ಮೇಲೆ ಚರ್ಚ್ ತೆರಿಗೆ ಸೇರುತ್ತೆ. ನೀವು ಹೋಗ್ತಿರೋ ಬಾಡನ್-ವ್ಯುರ್ಟೆಂಬರ್ಗ್ ಮತ್ತು ಬವೇರಿಯಾದಲ್ಲಿ ಅದು 8%, ಉಳಿದ ಕಡೆ 9%. ಮಿಕ್ಕವರಿಗೆ ಇದು ತಾಗೋದಿಲ್ಲ.

ಇನ್ನು 4,000 ಸಾಕಾ ಅನ್ನೋದು. ಸಾಲದು. ತಾತ್ಕಾಲಿಕ ಮನೆಗೆ ತಿಂಗಳಿಗೆ 1,500ರಂತೆ ಎರಡು ತಿಂಗಳು ಇಟ್ಟರೂ 3,000, ಅದಕ್ಕೊಂದು ಡೆಪಾಸಿಟ್ ಬೇರೆ. ಖಾಯಂ ಮನೆ ಸಿಕ್ಕಿದಾಗ ಡೆಪಾಸಿಟ್ ಮೂರು ತಿಂಗಳ ಬರೀ ಬಾಡಿಗೆ, ಅಂದರೆ 3,450, ಜೊತೆಗೆ ಮೊದಲ ತಿಂಗಳ 1,400. ಮಂಚ-ಹಾಸಿಗೆ-ವಾಷಿಂಗ್ ಮೆಷಿನ್ ಅಂತ ಕಮ್ಮಿ ಅಂದ್ರೂ 1,500. ಮೊದಲ ಸಂಬಳ ಬರೋದು ತಿಂಗಳ ಕೊನೆಗೆ. ಮೂವರ ಸಂಸಾರಕ್ಕೆ 9,000ದಿಂದ 10,000 ಕೈಯಲ್ಲಿರಬೇಕು. ಕಂಪನಿ ಸ್ಥಳಾಂತರ ಭತ್ಯೆ ಕೊಡುತ್ತೆ ಅಂದ್ರೆ ಅದನ್ನ ಬಿಲ್ ಕೊಟ್ಟ ಮೇಲೆ ಕೊಡ್ತಾರಾ, ಮುಂಗಡ ಕೊಡ್ತಾರಾ ಈಗಲೇ ಕೇಳಿ. ಬಿಲ್ ಮೇಲೆ ಅಂದರೆ ಈ ಲೆಕ್ಕದಿಂದ ಅದನ್ನ ಕಳೆಯೋಕಾಗಲ್ಲ.

---

ಕೀಲಿ_ಗೊಂಚಲು

ಮೇಲಿನವರು ಡೆಪಾಸಿಟ್ ಒಂದೇ ಸಲ 3,450 ಅಂತ ಹಾಕಿದ್ದಾರೆ. ಕಾನೂನು ಹಾಗಿಲ್ಲ. ಡೆಪಾಸಿಟ್ ಮೂರು ತಿಂಗಳ ಕಾಲ್ಟ್ ಬಾಡಿಗೆ ಮೀರುವಂತಿಲ್ಲ, ಮತ್ತು ಬಾಡಿಗೆದಾರ ಅದನ್ನು ಮೂರು ಸಮ ಕಂತಲ್ಲಿ ಕೊಡಬಹುದು. ಮೊದಲ ಕಂತು ಬಾಡಿಗೆ ಶುರುವಾದಾಗ, ಉಳಿದೆರಡು ಮುಂದಿನ ಎರಡು ತಿಂಗಳ ಬಾಡಿಗೆ ಜೊತೆ. ಕರಾರಿನಲ್ಲಿ ಬೇರೆ ಬರೆದಿದ್ದರೂ ಅದು ಊರ್ಜಿತವಲ್ಲ.

ಮನೆಯನ್ನು ಕಣ್ಣಾರೆ ನೋಡದೆ, ಕೀಲಿ ಕೈಗೆ ಬಾರದೆ ಡೆಪಾಸಿಟ್ ಕಳಿಸಬೇಡಿ. ಮಾಲೀಕರು ವಿದೇಶದಲ್ಲಿದ್ದಾರೆ, ಕೀಲಿ ಕೊರಿಯರ್‌ನಲ್ಲಿ ಬರುತ್ತೆ ಅನ್ನೋ ಜಾಹೀರಾತೆಲ್ಲ ಮೋಸವೇ.

ಈಗ ವಾರ್ಮ್ ಬಾಡಿಗೆಯ ವಿಚಾರ. ನಿಮ್ಮ ಲೆಕ್ಕದ ದೊಡ್ಡ ತೂತು ಅಲ್ಲಿದೆ. 1,400ರಲ್ಲಿ 250 ನೇಬನ್‌ಕೋಸ್ಟನ್, ಅಂದರೆ ಹೀಟಿಂಗ್, ನೀರು, ಕಸ, ಮೆಟ್ಟಿಲು ಸ್ವಚ್ಛತೆ, ಕಟ್ಟಡದ ವಿಮೆ, ಆಸ್ತಿ ತೆರಿಗೆ ಇತ್ಯಾದಿ. ಅದು ಖರ್ಚಲ್ಲ, ಖರ್ಚಿನ ಮೇಲಿನ ಮುಂಗಡ. ವರ್ಷ ಮುಗಿದ ಮೇಲೆ ಮಾಲೀಕರು ನಿಜವಾದ ಲೆಕ್ಕ ಕಳಿಸುತ್ತಾರೆ, ಕಳಿಸಲು ಅವರಿಗೆ ಹನ್ನೆರಡು ತಿಂಗಳ ಗಡುವಿದೆ. ನೀವು 2026ರ ಅಕ್ಟೋಬರ್‌ನಲ್ಲಿ ಮನೆ ಹಿಡಿದಿರಿ ಅಂತಿಟ್ಟುಕೊಳ್ಳಿ, ಆ ಮೂರು ತಿಂಗಳ ಬಿಲ್ಲು 2027ರ ಡಿಸೆಂಬರ್ 31ರವರೆಗೆ ಯಾವತ್ತು ಬೇಕಾದರೂ ಬರಬಹುದು. ಅದರಾಚೆ ಬಂದರೆ, ತಡಕ್ಕೆ ಮಾಲೀಕರೇ ಕಾರಣವಾಗಿದ್ದರೆ, ಬಾಕಿ ಕಟ್ಟಬೇಕಿಲ್ಲ.

ಶರತ್ಕಾಲದಲ್ಲಿ ಬರುವವರಿಗೆ ಆ ಮೊದಲ ಬಿಲ್ಲಿನಲ್ಲಿ ಬಾಕಿ ಬಂದೇ ಬರುತ್ತದೆ ಎಂದಿಟ್ಟುಕೊಳ್ಳಿ. ಕಾರಣ ಇದು. ಹೀಟಿಂಗ್ ಹಂಚುವಾಗ ಬಳಸುವ ತಿಂಗಳವಾರು ಕೋಷ್ಟಕವೊಂದಿದೆ. ವರ್ಷಕ್ಕೆ 1,000 ಅಂಶ: ಜನವರಿಗೆ 170, ಫೆಬ್ರವರಿಗೆ 150, ಮಾರ್ಚ್‌ಗೆ 130, ಅಕ್ಟೋಬರ್‌ಗೆ 80, ನವೆಂಬರ್‌ಗೆ 120, ಡಿಸೆಂಬರ್‌ಗೆ 160. ಜೂನ್, ಜುಲೈ, ಆಗಸ್ಟ್ ಮೂರೂ ಸೇರಿ ಬರೀ 40. ಅಕ್ಟೋಬರ್‌ನಿಂದ ಡಿಸೆಂಬರ್‌ಗೆ ಒಟ್ಟು 360, ಅಂದರೆ ವರ್ಷದ ಹೀಟಿಂಗ್‌ನ 36%. ಮುಂಗಡ ಮಾತ್ರ ನೀವು ಕಟ್ಟಿರುವುದು ಕಾಲು ವರ್ಷದ್ದು, 25%. ವರ್ಷದ ಹೀಟಿಂಗ್ 1,200 ಎಂದರೆ ನಿಮ್ಮ ಪಾಲು 430ರ ಹತ್ತಿರ, ಕಟ್ಟಿರುವುದು 300. ನೀವು ಎಷ್ಟೇ ಮಿತವಾಗಿ ಬಳಸಿದರೂ ಈ ಅಂತರ ಪೂರ್ತಿ ಹೋಗದು, ಯಾಕೆಂದರೆ ಹೀಟಿಂಗ್ ಖರ್ಚಿನಲ್ಲಿ 50ರಿಂದ 70% ಮಾತ್ರ ಬಳಕೆ ಮೇಲೆ, ಉಳಿದದ್ದು ಮನೆಯ ವಿಸ್ತೀರ್ಣದ ಮೇಲೆ ಹಂಚಿಕೆ. ರೇಡಿಯೇಟರ್ ಮುಟ್ಟದೆ ಕೂತರೂ ಆ ಪಾಲು ತಪ್ಪದು. ಪೂರ್ತಿ ಆರಿಸಿಟ್ಟರೆ ಗೋಡೆಗೆ ಬೂಷ್ಟು ಹಿಡಿದು, ಮನೆ ಬಿಡುವಾಗ ಡೆಪಾಸಿಟ್‌ನಲ್ಲಿ ಜಗಳ. ರೇಡಿಯೇಟರ್ ತಿರುಗಿಸುವ ಗುಬುಟಿನ 3ನೇ ಗುರುತು ಸುಮಾರು 20 ಡಿಗ್ರಿ, ಮನೆಯಲ್ಲಿರುವಾಗ ಅಲ್ಲಿಟ್ಟರೆ ಸಾಕು. ಕಿಟಕಿಯನ್ನು ದಿನವಿಡೀ ಅರೆಬರೆ ವಾಲಿಸಿಡುವ ಬದಲು ದಿನಕ್ಕೆ ಎರಡು ಮೂರು ಸಲ ಐದೈದು ನಿಮಿಷ ಪೂರ್ತಿ ತೆರೆದು ಮುಚ್ಚಿ. ಅನ್ನ ಬಸಿಯುವ, ಕುಕ್ಕರ್ ಕೂಗುವ ಮನೆಗಳಲ್ಲಿ ಇದು ಇನ್ನೂ ಮುಖ್ಯ.

ಲೆಕ್ಕ ಬಂದ ಮೇಲೆ ಮಾಲೀಕರು ಮುಂಗಡವನ್ನೂ ಏರಿಸಬಹುದು. ಹಾಗಾಗಿ ವಾರ್ಮ್ 1,400 ಎಂದು ಬರೆದಿದ್ದರೆ ನಿಮ್ಮ ಪುಸ್ತಕದಲ್ಲಿ 1,460 ಎಂದು ಬರೆದು ಆ 60ನ್ನು ಬೇರೆ ಖಾತೆಗೆ ಹಾಕುತ್ತಾ ಹೋಗಿ.

ಜಾಹೀರಾತಿನಲ್ಲಿ ಇನ್ನೊಂದು ಪದ ಹುಡುಕಿ: ಗಾಸ್‌ಎಟಾಜನ್‌ಹೈಟ್ಸುಂಗ್. ಮನೆಯೊಳಗೇ ಗ್ಯಾಸ್ ಬಾಯ್ಲರ್ ಇದೆ, ಗ್ಯಾಸ್ ಕಂಪನಿ ಜೊತೆ ಕರಾರು ನೀವೇ ಮಾಡಬೇಕು ಎಂದರ್ಥ. ಅಂಥ ಮನೆಯ ವಾರ್ಮ್ ಬಾಡಿಗೆಯಲ್ಲಿ ಸಾಮಾನ್ಯವಾಗಿ ಹೀಟಿಂಗ್ ಸೇರಿರುವುದೇ ಇಲ್ಲ.

ಕೊನೆಗೆ, ಸ್ಟುಟ್‌ಗಾರ್ಟ್ ಆದ್ದರಿಂದ ಹೇಳುತ್ತಿದ್ದೇನೆ, ಕೇರ್‌ವೊಖೆ. ಪಾಳಿಯ ಮೇಲೆ ಮೆಟ್ಟಿಲು, ಅಂಗಳ ಗುಡಿಸುವ, ಚಳಿಗಾಲದಲ್ಲಿ ಹಿಮ ತೆಗೆಯುವ ಪದ್ಧತಿ. ಕರಾರಿನಲ್ಲಿ ಇದ್ದರೆ ಅದು ಕೆಲಸ, ಇಲ್ಲದಿದ್ದರೆ ನೇಬನ್‌ಕೋಸ್ಟನ್‌ನಲ್ಲಿ ದುಡ್ಡು. ಯಾವುದೆಂದು ಸಹಿಗೆ ಮುಂಚೆ ನೋಡಿಕೊಳ್ಳಿ.

---

ಲೆಕ್ಕದ_ಪುಸ್ತಕ

ಕೀಲಿ_ಗೊಂಚಲು ಅವರು ಹೇಳಿದ ಮೂರು ಕಂತಿನ ಕಾನೂನು ಸರಿ. ಆದರೆ ಸ್ಟುಟ್‌ಗಾರ್ಟ್‌ನಲ್ಲಿ ಒಂದು ಮನೆಗೆ ಸಾಲುಗಟ್ಟಿ ಅರ್ಜಿ ಬಿದ್ದಿರುವಾಗ, ಸಹಿಗೆ ಮುಂಚೆ ಕಂತಿನ ಮಾತೆತ್ತಿದರೆ ಮನೆ ಇನ್ನೊಬ್ಬರಿಗೆ ಹೋಗುತ್ತೆ. ಸಹಿ ಆದ ಮೇಲೆ ಕೇಳೋ ಹಕ್ಕಿದೆ. ಆದರೂ ದುಡ್ಡು ಪೂರ್ತಿ ರೆಡಿ ಇಟ್ಕೊಂಡು ಹೋಗೋದೇ ಕ್ಷೇಮ, ಅದಕ್ಕೇ ಒಟ್ಟಿಗೆ ಹಾಕಿದ್ದು. ಮನೆ ಬಿಡುವಾಗಲೂ ನೆನಪಿರಲಿ, ಈ ಡೆಪಾಸಿಟ್ ಕೀಲಿ ಕೊಟ್ಟ ದಿನ ವಾಪಸ್ ಬರೋಲ್ಲ. ಮೂರರಿಂದ ಆರು ತಿಂಗಳು ಹಿಡಿಯುತ್ತೆ, ನೇಬನ್‌ಕೋಸ್ಟನ್ ಲೆಕ್ಕ ಬಾಕಿ ಇದೆ ಅಂತ ಅದರಲ್ಲಿ ಒಂದು ಪಾಲು ಇನ್ನೂ ಆಮೇಲೂ ಹಿಡಿದಿಡಬಹುದು. ಅಂದರೆ ಮನೆ ಬದಲಾಯಿಸಿದರೆ ಎರಡನೇ ಡೆಪಾಸಿಟ್‌ಗೆ ಮೊದಲನೆಯದು ಒದಗೋದಿಲ್ಲ.

ತಾತ್ಕಾಲಿಕ ಮನೆ ಕರಾರಿನ ಅವಧಿಯೂ ನೋಡಿ. ಆರು ತಿಂಗಳಿಗೆ ಅಂತ ಸಹಿ ಹಾಕಿದರೆ ಮಧ್ಯದಲ್ಲಿ ಬಿಡೋಕಾಗಲ್ಲ, ಮೂರನೇ ತಿಂಗಳಲ್ಲಿ ಖಾಯಂ ಮನೆ ಸಿಕ್ಕರೆ ಎರಡೂ ಕಡೆ ಬಾಡಿಗೆ. ತಿಂಗಳು ತಿಂಗಳು ಮುಂದುವರಿಸೋ ಥರದ್ದು ಸ್ವಲ್ಪ ದುಬಾರಿಯಾದರೂ ಲಾಭ. ಖಾಯಂ ಮನೆಗೆ ಮಾಮೂಲಿ ನೋಟಿಸ್ ಮೂರು ತಿಂಗಳು. ಅದು ತಿಂಗಳ ಮೂರನೇ ಕೆಲಸದ ದಿನದೊಳಗೆ ಮಾಲೀಕರ ಕೈ ಸೇರಬೇಕು, ಸಹಿ ಹಾಕಿದ ಕಾಗದದಲ್ಲೇ ಇರಬೇಕು. ಇಮೇಲ್ ಕಳಿಸಿ ಸುಮ್ಮನಿದ್ದರೆ ನೋಟಿಸ್ ಕೊಟ್ಟ ಹಾಗೇ ಇಲ್ಲ, ಗೊತ್ತಾಗೋ ಹೊತ್ತಿಗೆ ಇನ್ನೊಂದು ತಿಂಗಳ ಬಾಡಿಗೆ ಸೇರಿರುತ್ತೆ.

---

ನೆಕ್ಕರ್_ಹೊಸಬ

ತುಂಬಾ ಥ್ಯಾಂಕ್ಸ್. ಹೀಟಿಂಗ್ ಕೋಷ್ಟಕ ಗೊತ್ತೇ ಇರಲಿಲ್ಲ. ಈಗ ಇಷ್ಟವಾಗಿರೋ ಒಂದು ಮನೆಯ ಜಾಹೀರಾತಲ್ಲಿ ಎರಡು ವಿಷಯ ಇವೆ. ಒಂದು, ಅಡುಗೆಮನೆ ಇಲ್ಲ ಅಂತ. ಅಂದರೆ ಅಡುಗೆ ಮಾಡೋ ಕೋಣೆಯೇ ಇಲ್ವಾ? ಎರಡು, ಬಿಸಿನೀರು ಡುರ್ಖ್‌ಲೌಫ್‌ಎರ್ಹಿಟ್ಸರ್ ಮೂಲಕ ಅಂತ. ಇದರಿಂದ ಖರ್ಚೇನಾದ್ರೂ ಬದಲಾಗುತ್ತಾ?

---

ಮೀಟರ್_ಫೋಟೋ

ಎರಡೂ ಬದಲಾಯಿಸುತ್ತೆ, ಎರಡನೇದು ಪ್ರತಿ ತಿಂಗಳೂ.

ಕೋಣೆ ಇರುತ್ತೆ ಸರ್, ಕೋಣೆಯೊಳಗೆ ಏನೂ ಇರೋಲ್ಲ. ಗೋಡೆಯಲ್ಲಿ ನೀರಿನ ಎರಡು ಕೊಳವೆ ಬಾಯಿ, ಒಂದು ಡ್ರೈನ್, ಸ್ಟವ್‌ಗೆ ಒಂದು ಡಬ್ಬಿ ಕನೆಕ್ಷನ್. ಸಿಂಕು, ಕಟ್ಟೆ, ಸ್ಟವ್, ಫ್ರಿಜ್, ಕಪಾಟು ಎಲ್ಲ ನಿಮ್ಮದೇ. ಮೊದಲು ಕೇಳಬೇಕಾದ್ದು ಹಿಂದಿನ ಬಾಡಿಗೆದಾರರು ತಮ್ಮದನ್ನ ಬಿಟ್ಟು ಹೋಗ್ತಾರಾ ಅಂತ. ಇದಕ್ಕೆ ಕೊಡೋ ದುಡ್ಡು ಚೌಕಾಸಿಗೆ ಬಿಟ್ಟಿದ್ದು, ಅವರಿಗೂ ಕಿತ್ತು ಸಾಗಿಸೋದು ತಲೆನೋವೇ. ಹೊಸದು ಹಾಕಿಸಿದರೆ ಸಾಧಾರಣದ್ದಕ್ಕೂ 2,500 ಮೇಲೆ. ಎಲೆಕ್ಟ್ರಿಕ್ ಸ್ಟವ್ 400 ವೋಲ್ಟ್ ಲೈನಿಗೆ ಹೋಗುತ್ತೆ, ಅದನ್ನ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲೇ ಜೋಡಿಸಿ. ನೀವೇ ಜೋಡಿಸಿ ಬೆಂಕಿ ಅನಾಹುತ ಆದರೆ ವಿಮೆಯವರು ತಕರಾರು ತೆಗಿತಾರೆ. ಅಂದಹಾಗೆ ದೀಪಗಳೂ ಇರೋಲ್ಲ, ಸೀಲಿಂಗ್‌ನಿಂದ ವೈರ್ ತುದಿ ಮಾತ್ರ ನೇತಾಡ್ತಿರುತ್ತೆ. ಹೋದ ಮೊದಲ ರಾತ್ರಿಗೆ ಪ್ಲಗ್ ಹಾಕೋ ಟೇಬಲ್ ಲ್ಯಾಂಪ್ ಒಂದು ಇರಲಿ.

ಈಗ ಡುರ್ಖ್‌ಲೌಫ್‌ಎರ್ಹಿಟ್ಸರ್. ಟ್ಯಾಂಕ್ ಇಲ್ಲದ ಇನ್‌ಸ್ಟಂಟ್ ಹೀಟರ್, ಸ್ನಾನದ ಮನೆಗೆ ಹಾಕೋದು ಮಾಮೂಲಿಯಾಗಿ 18, 21 ಇಲ್ಲ 24 ಕಿಲೋವ್ಯಾಟ್‌ನದ್ದು. ಬಿಸಿನೀರಿನ ಖರ್ಚು ನೇಬನ್‌ಕೋಸ್ಟನ್‌ನಿಂದ ನಿಮ್ಮ ಸ್ವಂತ ಕರೆಂಟ್ ಬಿಲ್ಲಿಗೆ ಜಾರಿತು ಅಂತ ಅರ್ಥ. 21 ಕಿಲೋವ್ಯಾಟ್ ಹೀಟರ್ ಪೂರ್ತಿ ಶಕ್ತಿಯಲ್ಲಿ ಹತ್ತು ನಿಮಿಷ ಓಡಿದರೆ ಮೂರೂವರೆ ಯೂನಿಟ್. ಯೂನಿಟ್‌ಗೆ 35 ಸೆಂಟ್ ಹಿಡಿದರೆ ಒಂದು ಷವರ್ ಸ್ನಾನಕ್ಕೆ 1.20 ಯೂರೋ. ಮೂವರು, ದಿನಾ, ತಿಂಗಳಿಗೆ 315 ಯೂನಿಟ್, 110 ಯೂರೋ. ಇದು ಬರೀ ಸ್ನಾನದ್ದು. ಅದೇ ಬಕೆಟ್‌ನಲ್ಲಿ ಹದಿನೈದು ಲೀಟರ್ ನೀರು 10 ಡಿಗ್ರಿಯಿಂದ 40ಕ್ಕೆ ಕಾಯಿಸೋಕೆ ಅರ್ಧ ಯೂನಿಟ್ ಸಾಕು. ನಮ್ಮ ಬಕೆಟ್-ಚೊಂಬು ಪದ್ಧತಿ ಇಲ್ಲಿ ಸೊಗಸಾಗಿ ಉಳಿಸುತ್ತೆ, ಆದರೆ ಬಚ್ಚಲ ನೆಲದಲ್ಲಿ ನೀರು ಹೋಗೋ ತೂತು ಸಾಮಾನ್ಯವಾಗಿ ಇರೋದಿಲ್ಲ. ಟಬ್ಬಿನೊಳಗೆ ಕೂತೇ ಮಾಡ್ಕೊಳ್ಳಬೇಕು, ಆಚೆ ಚೆಲ್ಲಿದರೆ ಕೆಳಗಿನ ಮನೆ ಸೀಲಿಂಗ್‌ಗೆ ಇಳಿಯುತ್ತೆ. ಇಲ್ಲ ಅಂದ್ರೆ ನೀರು ಕಮ್ಮಿ ಬಿಡೋ ಷವರ್ ಹೆಡ್ ಹಾಕ್ಸಿ. ಕೊಳ್ಳುವ ಮುಂಚೆ ಅದು ಇನ್‌ಸ್ಟಂಟ್ ಹೀಟರ್‌ಗೆ ಆಗುತ್ತಾ ನೋಡಿ, ಹರಿವು ತೀರಾ ಕಮ್ಮಿಯಾದರೆ ಹಳೇ ಹೀಟರ್‌ಗಳು ಆನ್ ಆಗೋದೇ ಇಲ್ಲ.

ಹಾಗಾದರೆ ಮನೆ ಬೇಡ ಅಂತಲ್ಲ. ಕೇಂದ್ರೀಯ ಬಿಸಿನೀರು ಇರೋ 1,460ರ ಮನೆ ಮತ್ತು ಹೀಟರ್ ಇರೋ 1,400ರ ಮನೆ ಪಕ್ಕಪಕ್ಕ ಇಟ್ಟರೆ ಎರಡನೇದು ಅಗ್ಗ ಅಂತ ಅನ್ಕೋಬೇಡಿ, ಅಷ್ಟೇ.

ಕರೆಂಟ್ ಕರಾರು ಮಾಡೋ ಕ್ರಮ ಬದಲಾಗಿದೆ, ಹಳೇ ಸಲಹೆ ಕೇಳಬೇಡಿ. ಮುಂಚೆ ಮನೆಗೆ ಹೋದ ಮೇಲೆ ಆರು ವಾರದೊಳಗೆ ಹಿಂದಿನ ತಾರೀಖಿನಿಂದ ನೋಂದಾಯಿಸೋಕೆ ಆಗ್ತಿತ್ತು. 2025ರ ಜೂನ್ 6ರಿಂದ ಅದು ಇಲ್ಲ. ಒಳಗೆ ಹೋಗೋ ಮುಂಚೆನೇ ಕಂಪನಿ ಆರಿಸಿ, ಹೋಗೋ ತಾರೀಖು ಕೊಟ್ಟು ನೋಂದಾಯಿಸಬೇಕು. ಅದಕ್ಕೆ ಮಾರ್ಕ್ಟ್‌ಲೊಕಾಟ್ಸಿಯೋನ್ ಅನ್ನೋ, ಆ ಮನೆಯ ಕರೆಂಟ್ ಕನೆಕ್ಷನ್ ಗುರುತಿಸೋ ಹನ್ನೊಂದು ಅಂಕಿಯ ಸಂಖ್ಯೆ ಕೇಳ್ತಾರೆ. ಮಾಲೀಕರ ಹತ್ತಿರ ಇಲ್ಲಾಂದ್ರೆ ಹಿಂದಿನ ಬಾಡಿಗೆದಾರರ ಬಿಲ್ಲಿನಲ್ಲಿ ಇರುತ್ತೆ, ಮನೆ ನೋಡೋಕೆ ಹೋದಾಗಲೇ ಕೇಳಿಟ್ಕೊಳ್ಳಿ. ನೋಂದಾಯಿಸದೆ ಹೋದರೂ ಕರೆಂಟ್ ಬರುತ್ತೆ, ಬರದೇ ಇರೋಲ್ಲ. ಆದರೆ ಆ ಊರಿನ ಮೂಲ ಪೂರೈಕೆದಾರರ ದರ ಬೀಳುತ್ತೆ, ಸಾಮಾನ್ಯವಾಗಿ ಅದು ಪೇಟೆಯ ಬೇರೆ ಕರಾರುಗಳಿಗಿಂತ ದುಬಾರಿ. ಸಮಾಧಾನ ಅಂದ್ರೆ ಎರಡು ವಾರದ ನೋಟಿಸ್‌ನಲ್ಲಿ ಅದನ್ನ ಬಿಡಬಹುದು.

ಕೀಲಿ ತಗೊಳ್ಳೋ ದಿನ ಮೀಟರ್ ಫೋಟೋ ತೆಗೀರಿ. ಮೀಟರ್ ನಂಬರ್ ಮತ್ತು ಅಂಕಿ ಎರಡೂ ಒಂದೇ ಫೋಟೋದಲ್ಲಿ ಬರಲಿ. ಮೀಟರ್ ನೆಲಮಾಳಿಗೆಯಲ್ಲಿ ಇರಬಹುದು, ಹತ್ತು ಮೀಟರ್ ಸಾಲಾಗಿರುತ್ತೆ, ನಿಮ್ಮದು ಯಾವುದು ಅಂತ ಮಾಲೀಕರ ಜೊತೆ ನಿಂತು ಖಚಿತ ಮಾಡ್ಕೊಳ್ಳಿ. ಅದೇ ಅಂಕಿ ಹಸ್ತಾಂತರ ಪತ್ರದಲ್ಲೂ ಬರೆಸಿ. ಇಲ್ಲಾಂದ್ರೆ ಕಂಪನಿ ಅಂದಾಜಿನ ಅಂಕಿ ಹಾಕುತ್ತೆ, ಹಿಂದಿನವರು ಉರಿಸಿದ್ದು ನಿಮ್ಮ ಲೆಕ್ಕಕ್ಕೆ.

ಕರೆಂಟಿಗೂ ಮುಂಗಡ-ಬಾಕಿ ಆಟ ಇದೆ. ತಿಂಗಳ ಕಂತನ್ನ ಜನರ ಸಂಖ್ಯೆ ನೋಡಿ ನಿಗದಿ ಮಾಡ್ತಾರೆ. ಅರ್ಜಿಯಲ್ಲಿ ನೀವು "ಒಬ್ಬರು" ಅಂತ ಹಾಕಿದ್ದು ಜನವರಿಯಲ್ಲಿ ಮೂವರಾದಾಗ ಕಂತು ತಾನಾಗಿ ಏರೋಲ್ಲ, ವರ್ಷದ ಕೊನೆಗೆ ಒಟ್ಟಿಗೆ ಬಂದು ಬೀಳುತ್ತೆ. ಆ್ಯಪ್‌ನಲ್ಲಿ ನೀವೇ ಏರಿಸ್ಕೊಳ್ಳಿ.

---

ಪುಟ್ಟನ_ಅಮ್ಮ

ಮಗು ಕರ್ಕೊಂಡು ಬರೋರಿಗೆ ಬೇಕಾದ್ದು ಒಂದಿಷ್ಟು.

ಕಿಂಡರ್‌ಗೆಲ್ಡ್, ಅಂದರೆ ಸರ್ಕಾರದ ಮಕ್ಕಳ ಭತ್ಯೆ, ಖರ್ಚಲ್ಲ, ಬರೋ ದುಡ್ಡು. 2026ರಿಂದ ತಿಂಗಳಿಗೆ 259 ಯೂರೋ. ಆದರೆ ತಾನಾಗಿ ಬರೋಲ್ಲ, ಅದನ್ನ ಕೊಡೋ ಕಚೇರಿ ಫಮೀಲಿಯನ್‌ಕಾಸ್ಸೆಗೆ ಅರ್ಜಿ ಹಾಕ್ಬೇಕು, ಮಗುವಿನದ್ದೂ ನಿಮ್ಮದ್ದೂ ತೆರಿಗೆ ಸಂಖ್ಯೆ ಬೇಕು. ತಡವಾದರೆ ಹಿಂದಿನ ಆರು ತಿಂಗಳದ್ದು ಮಾತ್ರ ಕೊಡ್ತಾರೆ, ಅದಕ್ಕಿಂತ ಹಿಂದಿನದು ಹೋಯ್ತು.

ಆರೋಗ್ಯ ವಿಮೆ: ನಿಮ್ಮ ಸಂಬಳಕ್ಕೆ ಸಾರ್ವಜನಿಕ ವಿಮೆಯೇ ಕಡ್ಡಾಯ, ಖಾಸಗಿಗೆ ಹೋಗೋಕೆ 2026ರಲ್ಲಿ ವರ್ಷಕ್ಕೆ 77,400 ದಾಟಬೇಕು. ಒಳ್ಳೇದೇ ಆಯ್ತು. ಸಾರ್ವಜನಿಕದಲ್ಲಿ ಕೆಲಸವಿಲ್ಲದ ಹೆಂಡತಿ, ಮಗು ಇಬ್ಬರೂ ಪುಕ್ಕಟೆ ಸೇರ್ತಾರೆ, ಖಾಸಗಿಯಲ್ಲಿ ತಲೆಗೊಂದು ಕಂತು. ಕನ್ನಡಕಕ್ಕೆ ದೊಡ್ಡವರಿಗೆ ಬಹುತೇಕ ಏನೂ ಸಿಗೋಲ್ಲ, ಹಲ್ಲಿನ ಕಿರೀಟಕ್ಕೆ ಒಂದು ಪಾಲು ಮಾತ್ರ. ಅವೆರಡನ್ನೂ ಹೊರಡೋ ಮುಂಚೆ ಮುಗಿಸ್ಕೊಂಡು ಬರೋದು ಜಾಣತನ, ಎರಡು ಜೊತೆ ಕನ್ನಡಕ ಮಾಡಿಸಿ. ಔಷಧಿಗೆ ಚೀಟಿ ಇದ್ದರೂ ಪ್ರತಿ ಔಷಧಿಗೆ 5ರಿಂದ 10 ಯೂರೋ ನಿಮ್ಮ ಕೈಯಿಂದ, ಮಕ್ಕಳಿಗೆ ಅದೂ ಇಲ್ಲ.

ಕೀಟಾ ಅಂದರೆ ಶಿಶುವಿಹಾರದ ಶುಲ್ಕ ರಾಜ್ಯಕ್ಕೊಂದು, ಊರಿಗೊಂದು. ಬರ್ಲಿನ್‌ನಲ್ಲಿ ಶುಲ್ಕ ಇಲ್ಲ, ಊಟದ್ದು ಮಾತ್ರ. ಸ್ಟುಟ್‌ಗಾರ್ಟ್‌ನಲ್ಲಿ ಇದೆ. ಬರ್ಲಿನ್ ಕಡೆಯವರು ಬರೆದಿದ್ದನ್ನ ಓದಿ ಅಲ್ಲಿ ಸೊನ್ನೆ ಹಾಕ್ಕೋಬೇಡಿ. ಜಾಗ ಸಿಗೋದೂ ತಡ, ಜನವರಿಗೆ ಬೇಕಿದ್ದರೆ ನಿಮ್ಮ ವಿಳಾಸ ನೋಂದಣಿ ಆದ ತಕ್ಷಣ ಪಟ್ಟಿಯಲ್ಲಿ ಹೆಸರು ಹಾಕಿ. ಶುಲ್ಕವನ್ನ ನಗದಾಗಿ ಕೊಡಬೇಡಿ. ಬ್ಯಾಂಕ್ ಮೂಲಕ ಕಟ್ಟಿದ್ದಕ್ಕೆ ಮಾತ್ರ ತೆರಿಗೆಯಲ್ಲಿ ಕಳೆಯೋಕಾಗುತ್ತೆ, 80%, ಮಗುವಿಗೆ ವರ್ಷಕ್ಕೆ 4,800ರವರೆಗೆ. ಊಟದ ದುಡ್ಡು ಅದರಲ್ಲಿ ಬರೋಲ್ಲ.

ಹಾಫ್ಟ್‌ಫ್ಲಿಖ್ಟ್ ವಿಮೆ ಕಡ್ಡಾಯ ಅಲ್ಲ, ಆದ್ರೂ ಮಾಡ್ಸಿ. ಬೇರೆಯವರಿಗೆ ನಿಮ್ಮಿಂದ ಆದ ನಷ್ಟ ಕಟ್ಟೋದು ಇದು. ಇಡೀ ಮನೆಗೆ ವರ್ಷಕ್ಕೆ ನೂರು ಯೂರೋ ಆಸುಪಾಸಲ್ಲಿ ಸಿಗುತ್ತೆ. ಎರಡು ವಿಷಯ ಪಾಲಿಸಿಯಲ್ಲಿ ಹುಡುಕಿ. ಒಂದು, ಕೀಲಿ ಕಳೆದದ್ದು ಸೇರಿದೆಯಾ. ಇಡೀ ಕಟ್ಟಡಕ್ಕೆ ಒಂದೇ ಲಾಕ್ ವ್ಯವಸ್ಥೆ ಇರೋ ಕಡೆ ಒಂದು ಕೀಲಿ ಕಳೆದರೆ ಎಲ್ಲ ಸಿಲಿಂಡರ್ ಬದಲಾಯಿಸಬೇಕಾಗಬಹುದು, ಸಾವಿರಗಟ್ಟಲೆ ಬಿಲ್ಲು. ಎರಡು, ಏಳು ವರ್ಷದೊಳಗಿನ ಮಕ್ಕಳಿಂದ ಆದ ಹಾನಿ. ಕಾನೂನು ಪ್ರಕಾರ ಅಷ್ಟು ಚಿಕ್ಕ ಮಗು ಹೊಣೆಗಾರ ಅಲ್ಲ, ನೀವು ಸರಿಯಾಗಿ ನೋಡ್ಕೊಂಡಿದ್ದರೆ ನೀವೂ ಅಲ್ಲ. ಹಾಗಾಗಿ ಮಾಮೂಲಿ ಪಾಲಿಸಿ ಏನೂ ಕೊಡೋಲ್ಲ. ಪಕ್ಕದ ಮನೆಯವರ ಕಾರಿಗೆ ಮಗ ಸೈಕಲ್ಲಲ್ಲಿ ಗೀರಿದಾಗ "ಕಾನೂನು ಪ್ರಕಾರ ನಾವು ಕೊಡಬೇಕಿಲ್ಲ" ಅಂತ ಹೇಳಿ ಅದೇ ಮೆಟ್ಟಿಲು ಹತ್ತಿಳಿಯೋಕಾಗುತ್ತಾ? ಇದನ್ನೂ ಸೇರಿಸಿರೋ ಪಾಲಿಸಿಗಳಿವೆ, ಹೆಚ್ಚೇನೂ ದುಬಾರಿ ಅಲ್ಲ.

ಬಸ್ಸು-ರೈಲು ಪಾಸು: 63 ಒಬ್ಬರಿಗೆ, ಆರು ವರ್ಷದೊಳಗಿನ ಮಗನಿಗೆ ಟಿಕೆಟ್ ಬೇಡ. ಅದು ಚಂದಾ ಥರ ತಾನಾಗಿ ಮುಂದುವರಿಯುತ್ತೆ, ನಿಲ್ಲಿಸಬೇಕಂದ್ರೆ ಆ ತಿಂಗಳ 10ನೇ ತಾರೀಖಿನೊಳಗೆ ನಿಲ್ಲಿಸಿ. ರಜೆಗೆ ಊರಿಗೆ ಹೋಗೋ ತಿಂಗಳು ಇಬ್ಬರದ್ದೂ ಸೇರಿ 126 ಸುಮ್ಮನೆ ಹೋಗುತ್ತೆ.

---

ಕೀಲಿ_ಗೊಂಚಲು

ಒಂದು ಬಿಟ್ಟುಹೋಗಿದೆ. ರುಂಡ್‌ಫುಂಕ್‌ಬೈಟ್ರಾಗ್, ಸಾರ್ವಜನಿಕ ಟಿವಿ-ರೇಡಿಯೋ ಶುಲ್ಕ, ತಿಂಗಳಿಗೆ 18.36. ಮೂರು ತಿಂಗಳಿಗೆ 55.08 ಎಂದು ಬರುತ್ತದೆ. ಟಿವಿ ಇಲ್ಲ, ಭಾಷೆ ಬಾರದು ಎಂಬುದೆಲ್ಲ ನಡೆಯದು, ಮನೆಗೆ ಇಷ್ಟು ಎಂದು. ಆನ್‌ಮೆಲ್ಡುಂಗ್ ಆದ ಮೇಲೆ ಕಾಗದ ಬರುತ್ತದೆ. ಉತ್ತರಿಸದೆ ಕಸಕ್ಕೆ ಹಾಕಿದರೆ ಮನೆಗೆ ಹೋದ ತಿಂಗಳಿಂದ ಲೆಕ್ಕ ಹಾಕಿ, ದಂಡ ಸೇರಿಸಿ ಕೇಳುತ್ತಾರೆ. ತಾತ್ಕಾಲಿಕ ಮನೆಯಲ್ಲಿ ಮಾಲೀಕರೋ ಜೊತೆಯವರೋ ಆಗಲೇ ಕಟ್ಟುತ್ತಿದ್ದರೆ ಅವರ ಸಂಖ್ಯೆ ಬರೆದು ಕಳಿಸಿ, ಎರಡನೇ ಸಲ ಕಟ್ಟಬೇಕಿಲ್ಲ.

ಭಾರತದ ಡ್ರೈವಿಂಗ್ ಲೈಸೆನ್ಸ್ ವಾಸ ಶುರುವಾದ ದಿನದಿಂದ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಹೊಸದಾಗಿ. ನಿಗದಿತ ಸಂಖ್ಯೆಯ ಕ್ಲಾಸು ಕಡ್ಡಾಯವಿಲ್ಲ, ಆದರೆ ಪರೀಕ್ಷೆಗೆ ಡ್ರೈವಿಂಗ್ ಶಾಲೆಯ ಕಾರೇ ಬೇಕು, ಮತ್ತು ಅವರು ಒಪ್ಪುವವರೆಗೆ ಕ್ಲಾಸು ತೆಗೆದುಕೊಳ್ಳಲೇಬೇಕು. ಕಣ್ಣು ಪರೀಕ್ಷೆ, ಪ್ರಥಮ ಚಿಕಿತ್ಸೆ ಕೋರ್ಸು, ಶುಲ್ಕ ಎಲ್ಲ ಸೇರಿ ಸಾವಿರ ದಾಟುತ್ತದೆ, ಒಂದು ಸಲ ಫೇಲಾದರೆ ಇನ್ನೂ ಮೇಲೆ. ಲಿಖಿತ ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯಬಹುದು. ಕಾರು ಬೇಡವೇ ಬೇಡ ಎಂದಿದ್ದರೆ ಈ ಸಾಲನ್ನು ಹೊಡೆದು ಹಾಕಿ.

---

ನೆಕ್ಕರ್_ಹೊಸಬ

ಕೊನೆಯದಾಗಿ ಒಂದು. ಹೆಂಡತಿ-ಮಗನನ್ನ ಜನವರಿ ಬದಲು ಡಿಸೆಂಬರ್‌ನಲ್ಲೇ ಕರೆಸಿಕೊಂಡರೆ ತೆರಿಗೆಯಲ್ಲಿ ಅನುಕೂಲ ಅಂತ ಯಾರೋ ಹೇಳಿದರು. ನಿಜವಾ? ಡಿಸೆಂಬರ್ ಕೊನೆಗೆ ವಿಮಾನದ ಟಿಕೆಟ್ ಮಾತ್ರ ತುಂಬಾ ಜಾಸ್ತಿ.

---

ಲೆಕ್ಕದ_ಪುಸ್ತಕ

ನಿಯಮ ನಿಜ. ಗಂಡ-ಹೆಂಡತಿ ಇಬ್ಬರೂ ವರ್ಷದಲ್ಲಿ ಒಂದೇ ಒಂದು ದಿನವಾದರೂ ಜರ್ಮನಿಯ ವಾಸಿಗಳಾಗಿದ್ದರೆ ಆ ವರ್ಷಕ್ಕೆ ಜಂಟಿ ರಿಟರ್ನ್ ಹಾಕಬಹುದು. ಡಿಸೆಂಬರ್ 31ಕ್ಕೆ ಬಂದರೂ ನಡೆಯುತ್ತೆ, ಜನವರಿ 1ಕ್ಕೆ ಬಂದರೆ 2026ಕ್ಕೆ ಇಲ್ಲ.

ನಿಮ್ಮ ವಿಷಯದಲ್ಲಿ ಲಾಭ ಎಷ್ಟು ಅನ್ನೋದು ಬೇರೆ. 2026ರಲ್ಲಿ ನಿಮಗೆ ಅಲ್ಲಿ ಸಿಗೋದು ಮೂರು ತಿಂಗಳ 15,000. ಸಂಬಳದಲ್ಲಿ ಹಿಡಿಯೋವಾಗ ಇಡೀ ವರ್ಷ ಹೀಗೇ ದುಡಿತೀರಿ ಅಂತ ಲೆಕ್ಕ ಹಾಕಿ ಹಿಡಿದಿರ್ತಾರೆ, ಹಾಗಾಗಿ ಜಂಟಿ ಇರಲಿ ಬಿಡಲಿ ಒಂದು ಪಾಲು ವಾಪಸ್ ಬರುತ್ತೆ. ಇನ್ನೊಂದು ಕಡೆ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಭಾರತದಲ್ಲಿ ಬಂದ ಸಂಬಳವನ್ನ ಅದೇ ರಿಟರ್ನ್‌ನಲ್ಲಿ ತೋರಿಸಬೇಕು. ಅದರ ಮೇಲೆ ಅಲ್ಲಿ ತೆರಿಗೆ ಇಲ್ಲ, ಆದರೆ ಅದನ್ನೂ ಸೇರಿಸಿ ದರ ನಿರ್ಧಾರ ಮಾಡಿ ಆ ದರವನ್ನ ನಿಮ್ಮ 15,000ಕ್ಕೆ ಹಾಕ್ತಾರೆ. ಜಂಟಿ ಹಾಕಿದರೆ ಹೆಂಡತಿಗೆ ಈ ವರ್ಷ ಭಾರತದಲ್ಲಿ ಬಂದ ಸಂಬಳವೂ ಆ ಲೆಕ್ಕಕ್ಕೆ ಬರುತ್ತೆ. ಅವರಿಗೆ ಸಂಬಳವೇ ಇಲ್ಲದಿದ್ದರೆ ಜಂಟಿಯಿಂದ ಸ್ವಲ್ಪ ಅನುಕೂಲ ಇದೆ, ನಿಮ್ಮಷ್ಟೇ ಸಂಬಳ ಇದ್ದರೆ ಹೆಚ್ಚುಕಮ್ಮಿ ಇಲ್ಲ. ಅಕ್ಟೋಬರ್‌ನಲ್ಲಿ ಸೇರೋರು ಇದಕ್ಕೋಸ್ಕರ ಕ್ರಿಸ್‌ಮಸ್ ವಾರದ ಟಿಕೆಟ್ ಕೊಳ್ಳೋದು ನನ್ನ ಪ್ರಕಾರ ಅರ್ಥವಿಲ್ಲ. ಮಾರ್ಚ್‌ನಲ್ಲಿ ಸೇರಿದ್ದರೆ ಬೇರೆ ಮಾತು.

ಭಾರತದ ಸಂಬಳ ಈ ಥರ ಸೇರೋದರಿಂದ ನಿಮಗೆ ರಿಟರ್ನ್ ಕಡ್ಡಾಯ, ಗಡುವು 2027ರ ಆಗಸ್ಟ್ 2 (ಮಾಮೂಲಿ ಜುಲೈ 31 ಆ ವರ್ಷ ಶನಿವಾರ). ಅದಕ್ಕೆ ಕೊನೆಯ ಒಂಬತ್ತು ತಿಂಗಳ ಸಂಬಳ ಚೀಟಿ ಮತ್ತು ಕಟ್ಟಿದ ತೆರಿಗೆಯ ದಾಖಲೆ ಹಳೇ ಕಂಪನಿಯ ಲಾಗಿನ್ ಬಂದ್ ಆಗೋ ಮುಂಚೆ ಇಳಿಸಿಟ್ಕೊಳ್ಳಿ. ವಿಮಾನದ ಟಿಕೆಟ್, ಸಾಮಾನು ಸಾಗಣೆ ರಸೀದಿಗಳನ್ನೂ ಇಡಿ. ಕೆಲಸಕ್ಕಾಗಿ ಊರು ಬದಲಾಯಿಸಿದ್ದು ಅಂತ ಅವನ್ನ ಕಳೆಯೋಕೆ ಬರುತ್ತೆ, ಕಂಪನಿ ಕೊಟ್ಟ ಮೊತ್ತ ಬಿಟ್ಟು.